ದಫೇದಾರರು ಕೋಳಿ ಕರೆದದ್ದು

ಮನುಷ್ಯನ ಮಾತಿಗೆ ಈ ಲೋಕದಲ್ಲಿ ನಿಜವಾಗಿ ಎಷ್ಟು ತೂಕವಿತ್ತು ಎಂಬುದು ಅವನು ಅಧಿಕಾರದಿಂದ ಇಳಿದ ಮೇಲೆಯೇ ತಿಳಿಯುತ್ತದೆ. ಈ ಗಂಭೀರ ಸತ್ಯವನ್ನು ನಾನು ಯಾವ ಶಾಸ್ತ್ರಗ್ರಂಥದಿಂದಲೂ ಪಡೆದದ್ದಲ್ಲ. ಆಳಂದದ ನಮ್ಮ ಓಣಿಯಲ್ಲಿ, ಪಕ್ಕದ ಮನೆಯ ಹಿತ್ತಲಿನಲ್ಲಿ, ಒಂದು ಕರಿ ಕೋಳಿ ಅದನ್ನು ಸಾಬೀತು ಮಾಡಿತು. ಮಾಡಿದ ಕೂಡಲೇ ಬೆನ್ನು ತಿರುಗಿಸಿ ತಿಪ್ಪೆ ಕೆದರಲು ಹೋಯಿತು.

ಆ ಹಿತ್ತಲಿನ ಯಜಮಾನರನ್ನು ಊರೆಲ್ಲ ದಫೇದಾರರು ಎನ್ನುತ್ತಿತ್ತು. ಅವರಿಗೂ ಒಂದು ಹೆಸರಿತ್ತು. ಆದರೆ ಜೀವಮಾನವಿಡೀ ಬೇರೆಯವರ ಹೆಸರು ಕೂಗಿದ ಮನುಷ್ಯನ ಸ್ವಂತ ಹೆಸರನ್ನು ಕೂಗುವ ಪ್ರಸಂಗ ಯಾರಿಗೂ ಬಂದಿರಲಿಲ್ಲವಾದ್ದರಿಂದ, ನಾನೂ ಇಲ್ಲಿ ಆ ಸಂಪ್ರದಾಯವನ್ನು ಮುರಿಯುವುದಿಲ್ಲ. ಜೇವರ್ಗಿ, ಅಫಜಲಪುರ, ಕೊನೆಗೆ ಆಳಂದ, ಹೀಗೆ ಒಂದಾದ ಮೇಲೊಂದು ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳನ್ನು ಕೂಗಿ ಕರೆಯುವುದು ಅವರ ನೌಕರಿ. ನಾನು ಅವೇ ಕೋರ್ಟುಗಳ ಒಳಗೆ ಕೂತು ಟೈಪ್ ಮಾಡುತ್ತಿದ್ದವನು. ನಿವೃತ್ತಿಯಾದ ಮೇಲೆ ಇಬ್ಬರೂ ಒಂದೇ ಹಿತ್ತಲ ಗೋಡೆಯ ಎರಡು ಬದಿಗೆ ಬಂದು ನೆಲೆಸಿದೆವು. ಸರ್ಕಾರ ನಮ್ಮ ನಡುವೆ ಯಾವಾಗಲೂ ಒಂದು ಗೋಡೆಯನ್ನು ಇಟ್ಟಿತ್ತು. ನಾವು ಅದನ್ನು ಮುಂದುವರಿಸಿದೆವು.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಅವರ ದೊಡ್ಡ ದನಿಯನ್ನೇ ನೆನೆದರು. ಇಬ್ಬರು ವಕೀಲರು ಅನುಕರಣೆ ಮಾಡಿ ತೋರಿಸಿದರು ಕೂಡ, ಸ್ಥಳದ ಗಾಂಭೀರ್ಯಕ್ಕೆ ತಕ್ಕಂತೆ ಸ್ವಲ್ಪ ತಗ್ಗಿಸಿ. ಅವರಿಗೆ ಒಂದು ಸಣ್ಣ ದನಿಯೂ ಇತ್ತು ಎಂಬುದು ಆ ಗುಂಪಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅದು ಹುಟ್ಟಿದ್ದನ್ನು ನಾನು ಗೋಡೆಯ ಮೇಲಿಂದ ಕಂಡಿದ್ದೇನೆ. ಇಷ್ಟು ವರ್ಷಗಳ ಕೋರ್ಟು ಸೇವೆಯಲ್ಲಿ ಅಷ್ಟು ಕುತೂಹಲದಿಂದ ನಾನು ಯಾವ ವಿಚಾರಣೆಯನ್ನೂ ನೋಡಿದವನಲ್ಲ.

ದೊಡ್ಡ ದನಿಯ ವಿಷಯ ಮೊದಲು ಹೇಳಬೇಕು. ಕೂಗುವ ಮುನ್ನ ಅವರು ತಲೆಯ ಟೋಪಿಯನ್ನು ಒಮ್ಮೆ ಒತ್ತುತ್ತಿದ್ದರು, ಗದ್ದ ಎತ್ತುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಹೆಸರು, ತಂದೆಯ ಹೆಸರು, ಊರು, ಕೊನೆಗೆ "ಹಾಜರ್" ಎಂಬ ಒಂದು ಶಬ್ದ. ನಿಯಮದ ಪ್ರಕಾರ ಮೂರು ಸಲ. ಅಫಜಲಪುರದಲ್ಲಿದ್ದಾಗ ಒಮ್ಮೆ ಹೊರಡಲಿದ್ದ ಬಸ್ಸಿನಿಂದ ಒಬ್ಬ ಇಳಿದು, ಏದುಸಿರು ಬಿಡುತ್ತ ಕೋರ್ಟಿನೊಳಗೆ ಬಂದು ಕೈಮುಗಿದು ನಿಂತ. ಹೆಸರು ಅವನದೇ, ಖಟ್ಲೆ ಅವನದಲ್ಲ. "ಮತ್ತ ಯಾಕ ಬಂದಿ?" ಎಂದರೆ, "ಕರದ್ರಲ್ರಿ ಸಾಹೇಬ್ರ, ಹ್ಯಾಂಗ ಬರದೇ ಇರ್ಲಿ?" ಎಂದ. ದಫೇದಾರರು ಇದನ್ನು ತಮ್ಮ ಸೇವಾವಧಿಯ ಅತ್ಯುನ್ನತ ಪ್ರಶಸ್ತಿ ಎಂದು ತಿಳಿದಿದ್ದರು.

ತೊಂದರೆ ಏನೆಂದರೆ, ಅವರಿಗೆ ಮನೆಗೆ ಬೇರೆ ದನಿ ಇರಲಿಲ್ಲ. ಉಪ್ಪು ಕೇಳಿದರೂ ಸಮನ್ಸ್ ಹೊರಡಿಸಿದಂತೆ ಕೇಳುತ್ತಿದ್ದರು. ಮಗಳನ್ನು ನೋಡಲು ಕರಜಗಿಯಿಂದ ಬಂದಿದ್ದ ಹುಡುಗನಿಗೆ "ಹೆಸರೇನಪಾ?" ಎಂದು ಕೇಳಿದಾಗ ಆತ ಕುರ್ಚಿಯಿಂದ ಎದ್ದು ನಿಂತು, ತಂದೆಯ ಹೆಸರು, ಊರು, ತಾಲ್ಲೂಕು ಎಲ್ಲ ಒಪ್ಪಿಸಿದ. ಸಂಬಂಧ ಕೂಡಿತು. ಹುಡುಗನಿಗೆ ಇಲ್ಲ ಎನ್ನುವ ಧೈರ್ಯವಾಗಲಿಲ್ಲ ಎಂದು ನಾನು ವ್ಯಾಖ್ಯಾನ ಮಾಡಿದ್ದೆ.

ಆ ಮಗಳಿಗೆ ಒಂದೆರಡು ವರ್ಷದಲ್ಲಿ ಬಸಿರು ನಿಂತಿತು. ಕುಬಸದ ಕಾರ್ಯ, ಅಂದರೆ ಸೀಮಂತ, ಆಳಂದದ ಮನೆಯಲ್ಲೇ ಆಯಿತು. ಊಟ ಮುಗಿದು, ಹಸಿರು ಸೀರೆ ಬಳೆಯಲ್ಲಿ ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಾಗ ದಫೇದಾರರು ಕೇಳಿದರು:

"ಅವ್ವಾ, ಇನ್ನ ಬಾಣಂತನಕ್ಕ ಯಾವಾಗ ಬರ್ತೀ?"

ಚೊಚ್ಚಲ ಹೆರಿಗೆ ತವರಿನಲ್ಲೇ ಎಂಬುದು ಇಲ್ಲಿ ಕಾನೂನಿಗಿಂತ ಗಟ್ಟಿ. ಅದಕ್ಕೆ ಉತ್ತರವೇ ಬೇಕಿರಲಿಲ್ಲ. ಆದರೆ ಮಗಳು ತಲೆ ತಗ್ಗಿಸಿದಳು.

"ಅಪ್ಪಾ, ಸಿಟ್ಟಾಗಬ್ಯಾಡ್ರಿ. ನಾ ಕರಜಗ್ಯಾಗೇ ಇರ್ತೇನಿ. ಅವ್ವನ್ನ ಅಲ್ಲಿಗೇ ಕಳಸರಿ."

"ಯಾಕ?" ಎಂದರು ದಫೇದಾರರು.

ಮಾಳಿಗೆಯ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಹಾರಿದವು. ಉಂಡು ಮಲಗಿದ್ದ ನೆಂಟರೊಬ್ಬರು ಎದ್ದು ಕೂತು ಚಪ್ಪಲಿ ಹುಡುಕಿದರು.

"ಇದಕ್ಕ, ಅಪ್ಪಾ," ಎಂದಳು ಮಗಳು. "ಸಣ್ಣಾಕಿದ್ದಾಗ ನೀವು ನನ್ನ ಹೆಸರು ಹಿಡದು ಕರದ್ರ ಎದಿ ಧಸಕ್ ಅಂತಿತ್ತು. ಸಾಲಿಯಿಂದ ಬರಾಕತ್ತಾಗ ಓಣಿ ತುದಿಗೇ ಕೇಳಸ್ತಿತ್ತು. ಕೂಸು ಬ್ಯಾರೆ ಹಂಗ ಬೆಚ್ಚಿ ಬೀಳೂದು ಬ್ಯಾಡ."

ದಫೇದಾರರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತವರು ಇದ್ದೂ ಮಗಳು ಗಂಡನ ಮನೆಯಲ್ಲೇ ಹೆರುತ್ತಾಳೆ ಎಂದರೆ ಓಣಿ ಏನೆನ್ನುತ್ತದೆ ಎಂಬ ಚಿಂತೆ ಒಂದು ಪಾಲು. ಉಳಿದ ಪಾಲು ಯಾವ ಚಿಂತೆ ಎಂದು ಅವರ ಮುಖವೇ ಹೇಳುತ್ತಿತ್ತು.

ನಾನು ವೈನಿ ಎಂದು ಕರೆಯುತ್ತಿದ್ದ ಅವರ ಹೆಂಡತಿ, ತಿಂಗಳು ತುಂಬುವ ಮೊದಲು ಗಂಟು ಕಟ್ಟಿಕೊಂಡು ಕರಜಗಿಗೆ ಹೊರಟರು. ವೈನಿಗೆ ಹಿತ್ತಲಿನಲ್ಲಿ ಕೋಳಿಗಳಿದ್ದವು: ಒಂದು ಕೆಂಪು ಹುಂಜ, ಬಿಳಿಯದು, ಕಂದು, ಚುಕ್ಕೆಯವು, ಎಲ್ಲಕ್ಕೂ ಹಿರಿಯಳಾದ ಆ ಕರಿ ಕೋಳಿ. ವೈನಿ ಹಿತ್ತಲ ಬಾಗಿಲಿಗೆ ಬಂದು "ಕೊ ಕೊ ಕೊ, ಬಾ ಬಾ" ಎಂದರೆ ಸಾಕು, ಅವು ಬಿದ್ದು ಎದ್ದು ಓಡಿ ಬರುತ್ತಿದ್ದವು. ಹೊರಡುವಾಗ ವೈನಿ ಗಂಡನಿಗೆ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು.

"ಹೊತ್ತು ಮುಳುಗೋ ಮುಂದ ಇವನ್ನ ಕರದು ಗೂಡಿಗೆ ಸೇರಸರಿ. ಬೆಕ್ಕಿನ ಕಾಟ ಭಾಳ ಅದ."

"ಕರಿಯೂದು ನನಗ ಹೇಳಿಕೊಡ್ತೀಯೇನ?"

"ಕರದ್ರ ಬರಬೇಕಲ್ರಿ! ಇವು ನಿಮ್ಮ ಹತ್ರ ತಾವಾಗೇ ಬಂದು ಕುಂತ ದಿನ ನನಗ ಫೋನ್ ಮಾಡ್ರಿ. ಆವತ್ತ ನಾ ಮಗಳ ಜೋಡಿ ಮಾತಾಡ್ತೇನಿ, ಕೂಸು-ಬಾಣಂತಿ ಕರಕೊಂಡು ಬರ್ತೇನಿ. ಅಲ್ಲೀತನಕ ಆ ಮಾತು ತಗೀಬ್ಯಾಡ್ರಿ."

ಹೀಗೆ ಒಬ್ಬ ನಿವೃತ್ತ ಸರ್ಕಾರಿ ನೌಕರರು ಮೊಮ್ಮಗುವನ್ನು ಮನೆಗೆ ತರಿಸಿಕೊಳ್ಳುವ ಅರ್ಜಿಯನ್ನು ಕೋಳಿಗಳ ಮುಂದೆ ಹಾಕಿಕೊಂಡರು.

ಮೊದಲ ಸಂಜೆ ನಾನು ಗೋಡೆಯ ಬಳಿಯೇ ಇದ್ದೆ. ದಫೇದಾರರು ಹಿತ್ತಲ ಬಾಗಿಲಲ್ಲಿ ನಿಂತರು. ಟೋಪಿ ಒತ್ತಿದರು. ಗದ್ದ ಎತ್ತಿದರು. ಕಣ್ಣು ಮುಚ್ಚಿದರು.

"ಕೋಳೀ...! ಹಾಜರ್!"

ಮೊದಲ ಕೂಗಿಗೆ ಕೋಳಿಗಳು ನಿಂತಲ್ಲೇ ಮರಗಟ್ಟಿದವು. ಎರಡನೆಯದಕ್ಕೆ ಬಹುತೇಕ ಎಲ್ಲವೂ ಬೇವಿನ ಮರ ಏರಿದವು. ಮೂರನೆಯದಕ್ಕೆ ಹುಂಜ ಗೋಡೆ ಹಾರಿ ಬಂದು ನಮ್ಮ ಬಚ್ಚಲಿನಲ್ಲಿ ಆಶ್ರಯ ಬೇಡಿತು. ಕರಿ ಕೋಳಿ ಮಾತ್ರ ನೆಲದಲ್ಲೇ ಉಳಿದು, ಕತ್ತು ಓರೆ ಮಾಡಿ ಅವರನ್ನು ಒಂದೇ ಕಣ್ಣಿನಿಂದ ಅಳೆದು, ಆಮೇಲೆ ಮೇಲೆ ಹೇಳಿದಂತೆ ತಿಪ್ಪೆಯ ಕಡೆ ನಡೆಯಿತು.

"ನೋಡಿದ್ರೇನ್ರಿ ಟೈಪಿಸ್ಟ್ ಸಾಹೇಬ್ರ? ಒಂದರ ಬಂತೇನು?"

"ಸಮನ್ಸ್ ಮುಟ್ಟಿಲ್ಲ ಕಾಣ್ತದ್ರಿ," ಎಂದೆ.

"ಗೈರುಹಾಜರಿ ಬರಕೋರ್ರಿ," ಎಂದು ಅವರು ಗೂಡಿನ ಬಾಗಿಲು ಹಾಕಿ ಚಿಲಕ ಜಡಿದರು. ಕೋರ್ಟು ಮುಗಿಯುವ ವೇಳೆಗೆ ಬಾಗಿಲು ಹಾಕುವುದು ಅವರ ರಕ್ತದಲ್ಲಿತ್ತು. ಒಳಗೆ ಒಂದೂ ಕೋಳಿ ಇಲ್ಲ ಎಂಬ ಸಂಗತಿ ಅವರ ಶಿಸ್ತಿಗೆ ಅಡ್ಡ ಬರಲಿಲ್ಲ. ನಾಲ್ಕಾರು ದಿನ ಇದೇ ನಡೆಯಿತು. ಕೂಗುವುದು, ಮರ ಏರುವುದು, ಖಾಲಿ ಗೂಡಿಗೆ ಚಿಲಕ. ಒಂದು ಬೆಳಿಗ್ಗೆ ಬೇವಿನ ಬುಡದಲ್ಲಿ ಕಂದು ಗರಿಗಳು ಚೆಲ್ಲಿದ್ದವು. ಕಂದು ಕೋಳಿ ಜೀವದಿಂದಿತ್ತು, ಬಾಲ ಇರಲಿಲ್ಲ. ದಫೇದಾರರು ಗರಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಅಂದು ಸಂಜೆ ಅವರು ಕೂಗಲಿಲ್ಲ.

ನಮ್ಮ ಓಣಿಯ ಕೋಳಿ ವಿಷಯದ ತಜ್ಞೆ ಎಂದರೆ ಮೂಲೆಮನೆಯ ಖಾಲಾ. ಅವರ ತಜ್ಞತೆಯ ಮೂಲ ಯಾವುದೆಂದು ಯಾರೂ ವಿಚಾರಿಸಿರಲಿಲ್ಲ, ಆತ್ಮವಿಶ್ವಾಸವೇ ಸಾಕಾಗಿತ್ತು. ಅವರು ಬಂದು ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಕೂತು, ತಟ್ಟೆಯಲ್ಲಿದ್ದ ಎಲೆಯಡಿಕೆಯನ್ನು ಪರಿಶೀಲಿಸಿ, ತೀರ್ಪು ಕೊಟ್ಟರು.

"ಅರೇ ದಫೇದಾರ್ ಭಾಯಿ, ಕೋಳಿ ಅಂದ್ರ ಕೈದಿ ಏನ್ರಿ? ಅವಕ್ಕ ನಿಮ್ಮ ಮನಿಯ ಬಾಯಿಯವರ ಆವಾಜ್ ಗೊತ್ತು. ಫೋನ್ ಹಚ್ಚರಿ, ಸ್ಪೀಕರ್ ಮ್ಯಾಲ ಇಡ್ರಿ, ಬಾಯಿಯವರು ಅಲ್ಲಿಂದ ಕರೀಲಿ. ಬಿಲ್ಕುಲ್ ಬರ್ತಾವ."

ಮಾಡಿದರು. ಮೊಬೈಲನ್ನು ತಲೆಕೆಳಗು ಮಾಡಿದ ಬುಟ್ಟಿಯ ಮೇಲೆ ಇಟ್ಟು ದಫೇದಾರರು ಬಾಗಿಲ ಮರೆಗೆ ನಿಂತರು. ಕರಜಗಿಯಿಂದ ವೈನಿ "ಕೊ ಕೊ ಕೊ, ಬಾ ಬಾ" ಎಂದರು. ಆಹಾ, ಅದನ್ನು ನೋಡಬೇಕಿತ್ತು! ಮರದಿಂದ, ಗೋಡೆಯಿಂದ, ತೊಗರಿಕಟ್ಟಿಗೆಯ ಒಟ್ಟಲಿನ ಹಿಂದಿನಿಂದ, ರೆಕ್ಕೆ ಬಡಿಯುತ್ತ, ಒಂದರ ಮೇಲೊಂದು ಬೀಳುತ್ತ ಎಲ್ಲವೂ ಬಂದವು. ಬುಟ್ಟಿಯ ಸುತ್ತ ನೆರೆದವು. ಬುಟ್ಟಿಯ ಹಿಂದೆ ನೋಡಿದವು. ಬಿಳಿ ಕೋಳಿ ಮೊಬೈಲನ್ನು ಎರಡು ಸಲ ಕುಕ್ಕಿತು. ವೈನಿ ಇನ್ನೊಮ್ಮೆ ಕರೆದರು. ಕೋಳಿಗಳು ಬಾಗಿಲ ಕಡೆ ನೋಡಿದವು, ಅಡುಗೆಮನೆಯ ಕಿಟಕಿಯ ಕಡೆ ನೋಡಿದವು, ಹೊರಗೆ ಬರಬೇಕಾದವರು ಬರಲಿಲ್ಲ. ಕರಿ ಕೋಳಿ ಬುಟ್ಟಿಯನ್ನು ಒಂದು ಸುತ್ತು ಹಾಕಿ, ಬಾಗಿಲ ಮರೆಯಲ್ಲಿದ್ದ ದಫೇದಾರರನ್ನು ಕಂಡುಹಿಡಿಯಿತು. ಆ ನೋಟವನ್ನು ವರ್ಣಿಸಲು ನನ್ನ ಬಳಿ ಶಬ್ದವಿಲ್ಲ. ಮೇಲಿನ ಕೋರ್ಟಿನಲ್ಲಿ ಕೆಲವೊಮ್ಮೆ ಆ ನೋಟ ಸಿಗುತ್ತದೆ.

ಮರುದಿನ ವೈನಿಯ ದನಿಗೂ ಅವು ಬರಲಿಲ್ಲ.

"ನಾ ಏನ್ ಮಾಡಿದೆ ಗೊತ್ತೇನ್ರಿ?" ಎಂದರು ದಫೇದಾರರು ಗೋಡೆಗೆ ಬಂದು. "ಇಷ್ಟು ವರ್ಷ ಸುಳ್ಳು ಹೇಳೋ ಖೊಟ್ಟಿ ಸಾಕ್ಷಿಗಳನ್ನ ಹೆಸರು ಹಿಡದು ಒಳಗ ಬಿಟ್ಟೇನಿ. ಖೊಟ್ಟಿ ಸಾಕ್ಷಿ ನಾನೇ ಹೇಳಿಸಿದ್ದು ಇದೇ ಮೊದಲು. ಪಾಪ, ಇಕಿ ದನೀನೂ ಹಾಳಾತು."

ಗೋಡೆಗೆ ಇನ್ನಷ್ಟು ಒರಗಿ ಕೇಳಿದರು: "ಖರೇ ಹೇಳ್ರಿ ಸಾಹೇಬ್ರ. ನಾ ಕರದಾಗ ಒಬ್ಬರರ ಖುಷೀಲೆ ಬಂದಾರೇನ್ರಿ?"

ನಾನು ಪ್ರಾಮಾಣಿಕವಾಗಿ ನೆನಪಿಸಿಕೊಂಡೆ. "ಜೇವರ್ಗಿಯೊಳಗ ಒಬ್ಬಂವ ನಗ್ತ ಬಂದಿದ್ದ ನೋಡ್ರಿ. ಅವನ ಕಡೆ ಡಿಕ್ರಿ ಆಗಿತ್ತು."

"ಅಂವಾ ಡಿಕ್ರಿಗೆ ಬಂದಿದ್ದ. ನನಗಲ್ಲ."

ಅವರು ಕರೆದವರೆಲ್ಲ ಬಂದದ್ದು ಬರದಿದ್ದರೆ ಗತಿಯಿಲ್ಲವೆಂದು. ಬಾರದಿರಲೂ ಬಹುದು ಎಂಬ ಸ್ವಾತಂತ್ರ್ಯವಿದ್ದ ಮೊದಲ ಜೀವಿಗಳು ಅವರಿಗೆ ಎದುರಾದದ್ದು ಅರವತ್ತು ದಾಟಿದ ಮೇಲೆ, ರೆಕ್ಕೆ ಕಟ್ಟಿಕೊಂಡು.

ಮರುದಿನದಿಂದ ಅವರು ಕರೆಯುವುದನ್ನೇ ಬಿಟ್ಟರು. ಬೆಳಿಗ್ಗೆ ಅಂಗೈಯಲ್ಲಿ ಜೋಳದ ನುಚ್ಚು ಹಿಡಿದು ಬೇವಿನ ಬುಡದಲ್ಲಿ ನೆಲದ ಮೇಲೆ ಕೂತರು. ಕುರ್ಚಿ ಬೇಡವೆಂದರು, ಎತ್ತರ ಕಂಡರೆ ಅವು ಹೆದರುತ್ತವೆ ಎಂಬುದು ಅವರ ಹೊಸ ಸಂಶೋಧನೆ. ಖಾಕಿ ಅಂಗಿ ತೆಗೆದು ಬನಿಯನ್ನಿಗೆ ಇಳಿದರು. ಎರಡೂ ಕಣ್ಣಿಂದ ನೇರ ನೋಡಿದರೆ ಹದ್ದು ನೋಡಿದಂತಾಗುತ್ತದೆ ಎಂದು, ಕತ್ತು ತಿರುಗಿಸಿ ಒಂದೇ ಕಣ್ಣಿನಿಂದ, ಕೋಳಿಗಳ ರೀತಿಯಲ್ಲೇ ನೋಡತೊಡಗಿದರು. ನನ್ನ ಹೆಂಡತಿ ಇದನ್ನು ಮಾಳಿಗೆಯಿಂದ ಕಂಡು, ದಫೇದಾರರನ್ನು ಕಲಬುರಗಿಯ ದೊಡ್ಡ ಡಾಕ್ಟರಿಗೆ ತೋರಿಸುವ ಜವಾಬ್ದಾರಿ ನೆರೆಯವರಾದ ನಮ್ಮ ಮೇಲಿದೆ ಎಂದು ಎಚ್ಚರಿಸಿದಳು.

ನಾನು ಪೇಪರ್ ಓದುವುದನ್ನು ಬಿಟ್ಟೆ. ಗೋಡೆಯ ಪಕ್ಕ ಒಂದು ಸ್ಟೂಲು ಹಾಕಿಕೊಂಡೆ. ದೇಶದಲ್ಲಿ ಏನೇನೋ ನಡೆಯುತ್ತಿತ್ತಂತೆ; ನನಗೆ ಬಿಳಿ ಕೋಳಿ ಇಂದು ಎಷ್ಟು ಹತ್ತಿರ ಬಂದೀತು ಎಂಬುದಷ್ಟೇ ಮುಖ್ಯವಾಯಿತು. ಮೊದಲು ಅದು ತುಳಸಿಕಟ್ಟೆಯವರೆಗೆ ಬಂತು. ಆಮೇಲೆ ಕಾಲಿನ ಹೆಬ್ಬೆರಳನ್ನು ಕುಕ್ಕಿ ನೋಡಿತು, ಬಹುಶಃ ಅದನ್ನೂ ಒಂದು ದೊಡ್ಡ ಕಾಳೆಂದು. ದಫೇದಾರರು ಅಲುಗಾಡಲಿಲ್ಲ. ಕಣ್ಣಲ್ಲಿ ನೀರು ಬಂತು, ಭಾವುಕತೆಯಿಂದಲ್ಲ, ಉಗುರು ನೋಯುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅದು ಅಂಗೈಯಿಂದ ನುಚ್ಚು ಹೆಕ್ಕಿದಾಗ ನಾನು ಸ್ಟೂಲಿನ ಮೇಲೆ ಎದ್ದು ನಿಂತು "ಭಲೇ!" ಎಂದೆ. ಕೋಳಿಗಳೆಲ್ಲ ಚದುರಿದವು. ದಫೇದಾರರು ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಗದ್ದಲ ಮಾಡಬೇಡಿ ಎಂದು ಅವರು ನನಗೆ ಹೇಳಿದ್ದು! ಇತಿಹಾಸದ ಪುಟ ತಿರುಗಿತು ಎಂದರೆ ಹೀಗೆ.

ದಿನ ಹೋದಂತೆ ಅವರು ಭಾಷೆಯನ್ನೂ ಹಿಡಿದರು. ಹುಂಜಕ್ಕೆ ಒಳ್ಳೆಯ ಹುಳ ಸಿಕ್ಕರೆ ಅದು ತಾನು ತಿನ್ನದೆ "ಟುಕ್ ಟುಕ್ ಟುಕ್" ಎಂದು ಹೆಣ್ಣುಕೋಳಿಗಳನ್ನು ಕರೆಯುತ್ತದೆ. ದಫೇದಾರರಿಗೆ ಇದು ಅಪಾರ ಬೆರಗಿನ ವಿಷಯವಾಯಿತು.

"ಸಾಹೇಬ್ರ, ಇಂವಾ ಕರದ ಅಂದ್ರ ಕೈಯಾಗ ಏನರ ಇರ್ತದ. ನಾವು ಕರದ್ರ ಏನಿರ್ತಿತ್ತು? ತಾರೀಖು!"

ನೆಲದ ಮೇಲೆ ಬೆಕ್ಕೋ ಮುಂಗುಲಿಯೋ ಕಂಡರೆ "ಕೊಕ್ಕೊಕ್ಕೊಕ್" ಎಂದು ಬಿಡದೆ ಹೊಡೆದುಕೊಳ್ಳುತ್ತವೆ. ಆಕಾಶದಲ್ಲಿ ಹದ್ದು ಕಂಡರೆ ಒಂದೇ ಒಂದು ಸಣ್ಣ ಎಳೆತ, "ಕ್ರ್ರೀ" ಎಂದು, ಅಷ್ಟೆ. ಎಲ್ಲ ಸರಿಯಿದೆ, ಹೊಟ್ಟೆ ತುಂಬಿದೆ, ಪಕ್ಕದಲ್ಲಿ ನಮ್ಮವರಿದ್ದಾರೆ ಎಂದಾಗ ಗಂಟಲೊಳಗೇ "ಕೊರ್ರ್" ಎಂದುಕೊಳ್ಳುತ್ತವೆ. ಈ ಕೊನೆಯದನ್ನು ದಫೇದಾರರು ಕಲಿಯಲು ಕಷ್ಟಪಟ್ಟರು. ಅವರ ಗಂಟಲು ಅಷ್ಟು ಸಣ್ಣ ಸಾಮಾನನ್ನು ಎಂದೂ ಸಾಗಿಸಿದ್ದಲ್ಲ. ಮೊದಮೊದಲು ಅದು ಟ್ರ್ಯಾಕ್ಟರು ಚಾಲೂ ಆದಂತೆ ಕೇಳುತ್ತಿತ್ತು. ಅಭ್ಯಾಸದಿಂದ ಇಳಿಯಿತು, ಇನ್ನೂ ಇಳಿಯಿತು, ಒಂದು ದಿನ ನನಗೆ ಗೋಡೆಯ ಈಚೆಗೆ ಕೇಳಿಸಲೇ ಇಲ್ಲ.

ಈ ನಡುವೆ ಕರಜಗಿಯಲ್ಲಿ ಗಂಡುಮಗು ಹುಟ್ಟಿತು. ಸುದ್ದಿ ಬಂದಾಗ ಅವರು ಹಳೆಯ ದನಿಯಲ್ಲೇ "ಹೌದೇನ!" ಎಂದರು, ಫೋನಿನ ಆ ಕಡೆಯಿಂದ ವೈನಿ, "ದೂರ ಹಿಡಕೊಂಡು ಮಾತಾಡ್ರಿ, ಕೂಸು ಮಲಗ್ಯಾದ" ಎಂದದ್ದು ನನಗೂ ಕೇಳಿತು. ಹೋಗಿ ನೋಡಿ ಬನ್ನಿ ಎಂದೆ. "ಕೋಳಿ ಬಿಟ್ಟು ಹ್ಯಾಂಗ ಹೋಗ್ಲಿ?" ಎಂದರು. ಮಗಳು ಕರೆಯದೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಕರೆಯುವ ಗೌರವವನ್ನು ಅಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಮತ್ತೆ ಬೆಳಗಿನ ವರದಿಗಳು ಮುಂದುವರಿದವು. ಒಂದು ದಿನ ಹತ್ತರ ಬಿಸಿಲಿನಲ್ಲಿ ಹುಂಜ ಆ ಸಣ್ಣ "ಕ್ರ್ರೀ" ಎಳೆಯಿತು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಹಿತ್ತಲು ಖಾಲಿ. ಕೋಳಿಗಳೆಲ್ಲ ಮೂಲೆಯಲ್ಲಿದ್ದ ಹೊರಸು ಮಂಚದ ಕೆಳಗೆ ಸೇರಿದ್ದವು. ದಫೇದಾರರೂ ಅಲ್ಲೇ ಇದ್ದರು. ಹದ್ದು ಎಲ್ಲಿದೆ ಎಂದು ಮೇಲೆ ಕೂಡ ನೋಡದೆ, ಹುಂಜದ ಮಾತನ್ನು ನಂಬಿ, ಬನಿಯನ್ ತೊಟ್ಟ ಆ ಭಾರೀ ದೇಹ ಹೊರಸಿನಡಿ ನುಗ್ಗಿತ್ತು! ನೆರಳು ಹಿತ್ತಲ ಮೇಲೆ ಒಮ್ಮೆ ಹಾದು ಹೋಯಿತು. ಸ್ವಲ್ಪ ಹೊತ್ತಿಗೆ ಹೊರಸಿನಡಿಯಿಂದ ಪಿಸುಮಾತು ಬಂತು.

"ಸಾಹೇಬ್ರ... ಕಂದು ಕೋಳಿ ನನ್ನ ಎದೀಗಿ ಒತ್ತಿ ಕುಂತದ. ಅದರ ಜೀವ ಡವಡವ ಅನ್ನಾಕತ್ತದ."

"ನಿಮ್ಮದು?"

"ನಂದೂ!"

ನಾನು ಸ್ಟೂಲಿನ ಮೇಲೆ ಕೂತೇ ಚಪ್ಪಾಳೆ ತಟ್ಟಿದೆ, ಸದ್ದಾಗದ ಹಾಗೆ. ಅಂದು ಸಂಜೆಯಿಂದ ಅವು ಒಂದೊಂದಾಗಿ ಬೇವಿನಿಂದ ಇಳಿದವು. ಅವರು ಗೂಡಿನ ಬಾಗಿಲಲ್ಲಿ ಕೂತು "ಕೊರ್ರ್" ಎನ್ನುವುದು, ಅವು ಬಂದು ಅವರ ಮಂಡಿ ದಾಟಿ ಒಳಗೆ ಹೋಗುವುದು. ಕರಿ ಕೋಳಿ ಮಾತ್ರ ಮರದ ಮೇಲೆಯೇ. ಅದು ಬಂದು ಕೂರುವವರೆಗೆ ವೈನಿಗೆ ಫೋನ್ ಮಾಡುವುದಿಲ್ಲ ಎಂದು ದಫೇದಾರರು ಹಟ ಹಿಡಿದರು. "ಉಳದೂ ಎಲ್ಲ ಬಂದಾವಲ್ರಿ" ಎಂದರೆ, "ಹಿರೇಕಿ ಬರದ ಹಾಜರಿ ಹಾಜರಿ ಅಲ್ರಿ" ಎಂದರು.

ಕೊನೆಗೆ ಅದು ಬಂದ ಬೆಳಿಗ್ಗೆ ನಾನು ಊರಲ್ಲಿರಲಿಲ್ಲ. ಕಡಗಂಚಿಯಲ್ಲಿ ಒಂದು ಮದುವೆ, ಹಿಂದಿನ ಸಂಜೆಯೇ ಹೋಗಿದ್ದೆ. ಆ ಬೆಳಿಗ್ಗೆ ನಡೆದದ್ದನ್ನು ಎರಡೂ ಪಕ್ಷದವರು ನನಗೆ ಆಮೇಲೆ ಬೇರೆಬೇರೆಯಾಗಿ ಹೇಳಿದರು, ಹೇಳಿಕೆಗಳು ತಾಳೆಯಾಗುತ್ತವೆ. ಕರಿ ಕೋಳಿ ಬೇವಿನಿಂದ ಇಳಿದು, ಯಾವ ಆಹ್ವಾನವೂ ಇಲ್ಲದೆ ನೇರ ನಡೆದು ಬಂದು, ದಫೇದಾರರ ತೊಡೆ ಏರಿ, ಎರಡು ಸುತ್ತು ತಿರುಗಿ ಕೂತಿತು. ಅದೇ ಗಳಿಗೆಗೆ ಜೇಬಿನಲ್ಲಿ ಮೊಬೈಲು ನಡುಗಿತು. ಮಗಳು.

"ಹಾಂ... ಅವ್ವಾ..." ಎಂದರು ದಫೇದಾರರು, ಗಂಟಲೊಳಗೇ.

"ಯಾರು ಮಾತಾಡಾಕತ್ತೀರಿ? ಅಪ್ಪಗ ಫೋನ್ ಕೊಡ್ರಿ."

"ನಾನ, ಅವ್ವಾ."

"ಅಪ್ಪಾ?! ಯಾಕ್ರಿ ದನಿ ಹಿಂಗ್ಯಾಕಾಗ್ಯಾದ? ಜೋರ್ಲೆ ಮಾತಾಡ್ರಿ!"

"ಆಗಂಗಿಲ್ಲ ಅವ್ವಾ... ಈಗ ಆಗಂಗಿಲ್ಲ... ಆಮ್ಯಾಲ..." ಎಂದು, ಕೋಳಿ ಕಣ್ಣು ತೆರೆದದ್ದನ್ನು ಕಂಡು ಅವರು ಫೋನ್ ಇಟ್ಟರು. ಮತ್ತೆ ನಡುಗಬಾರದೆಂದು ಬಂದ್ ಮಾಡಿಯೂ ಇಟ್ಟರು.

ಹುಟ್ಟಿದಂದಿನಿಂದ ಅಪ್ಪನ ಸಣ್ಣ ದನಿ ಕೇಳದ ಮಗಳು ಇದರಿಂದ ಏನು ತೀರ್ಮಾನಿಸಬೇಕು? ನನಗೂ ಫೋನ್ ಮಾಡಿದಳಂತೆ, ಮದುವೆಯ ಬ್ಯಾಂಡಿನಲ್ಲಿ ನನಗೆ ಕೇಳಲಿಲ್ಲ. ನಾನು ಮಧ್ಯಾಹ್ನದ ಹೊತ್ತಿಗೆ ಓಣಿಗೆ ಕಾಲಿಡುವಾಗ, ಅಫಜಲಪುರದ ಮೇಲಿಂದ ಒಂದೇ ಉಸಿರಿಗೆ ಬಂದ ಜೀಪೊಂದು ಹಾರ್ನ್ ಹೊಡೆಯುತ್ತ ನನ್ನನ್ನು ದಾಟಿ ಅವರ ಮನೆಯ ಮುಂದೆ ನಿಂತಿತು. ವೈನಿ ಇಳಿದರು. ಹೆಸರೂ ಇಡದ ಕೂಸನ್ನು ಎದೆಗವಚಿಕೊಂಡು ಮಗಳು ಇಳಿದಳು. ಅಳಿಯ ಒಂದು ಕೈಯಲ್ಲಿ ತಲೆದಿಂಬು, ಇನ್ನೊಂದರಲ್ಲಿ ಗ್ಲೂಕೋಸ್ ಡಬ್ಬಿ ಹಿಡಿದು ಇಳಿದ. ಹಾರ್ನಿನ ಸದ್ದಿಗೇ ಓಣಿ ನೆರೆದಿತ್ತು.

"ದಫೇದಾರ್ ಭಾಯಿಗೆ ಲಕ್ವಾ ಹೊಡದದಂತ!" ಎಂದರು ಖಾಲಾ ನನಗೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ಆವಾಜ್ ಪೂರಾ ಹೋಗ್ಯಾದಂತ, ಯಾ ಅಲ್ಲಾ!"

ಅಪ್ಪನ ದನಿ ಹೋಗಿದೆ ಎಂದು ಮಗಳು ಇಳಿಯುತ್ತ ಹೇಳಿದ್ದಕ್ಕೆ ಲಕ್ವಾ ಸೇರಿಸಿದ್ದು ಅವರೇ ಎಂದು ಆಮೇಲೆ ತಿಳಿಯಿತು. ಜನ ಅವರ ಮನೆಯೊಳಗೆ ನುಗ್ಗಿದರು. ನಾನು ನಮ್ಮ ಮನೆಯೊಳಗೆ ನುಗ್ಗಿ ನೇರ ಹಿತ್ತಲ ಸ್ಟೂಲಿನ ಮೇಲೆ ಹತ್ತಿದೆ.

ದಫೇದಾರರು ಬೇವಿನ ಬುಡದಲ್ಲಿ ಕಾಲು ಚಾಚಿ ಕೂತಿದ್ದರು. ಸುತ್ತಲೂ ಕೋಳಿಗಳು ಧೂಳಿನಲ್ಲಿ ಹೊರಳಾಡಿಕೊಂಡಿದ್ದವು. ತೊಡೆಯ ಮೇಲೆ ಕರಿ ಕೋಳಿ, ಕೆಳಗಿನ ರೆಪ್ಪೆಯನ್ನು ಮೇಲಕ್ಕೆಳೆದುಕೊಂಡು ಗಾಢ ನಿದ್ರೆಯಲ್ಲಿತ್ತು. ಬಾಗಿಲಲ್ಲಿ ಹೆಂಡತಿ, ಮಗಳು, ಅಳಿಯ, ಗ್ಲೂಕೋಸ್, ಖಾಲಾ, ಅರ್ಧ ಓಣಿ. ದಫೇದಾರರು ಕೈಯೆತ್ತಿದರು.

"ಮೆಲ್ಲಕ... ಮೆಲ್ಲಕ ಬರ್ರಿ."

"ಏನಾಗ್ಯಾದ್ರಿ ನಿಮಗ?" ಎಂದರು ವೈನಿ.

"ನನಗೇನಾಗ್ಯಾದ? ಕರಿ ಕೋಳಿ ಮಲಗ್ಯಾದ."

ವೈನಿ ಒಂದು ಉಸಿರು ಎಳೆದುಕೊಂಡರು. ದಾರಿಯುದ್ದಕ್ಕೂ ಸತ್ತ ಗಂಡನ ಮುಖವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬಂದಿದ್ದ ಹೆಂಗಸು. "ಕೋಳಿ ಮಲಗ್ಯಾದಂತ! ಕೋಳಿ!" ಎಂದು ಅವರು ಕೂಗಿದ ಕೂಗು ದಫೇದಾರರ ಇಡೀ ಸೇವಾವಧಿಯನ್ನು ಮೀರಿಸುವಂತಿತ್ತು. ಕೋಳಿಗಳೆಲ್ಲ ಹಾರಿದವು, ಹುಂಜ ಹಳೆಯ ಪರಿಚಯದ ಮೇಲೆ ನಮ್ಮ ಬಚ್ಚಲಿಗೆ ಬಂತು, ಕರಿ ಕೋಳಿ ತೊಡೆಯಿಂದ ಧುಮುಕಿ ತೊಗರಿಕಟ್ಟಿಗೆಯ ಹಿಂದೆ ಮಾಯವಾಯಿತು. ಎಲ್ಲರೂ ಕೂಸಿನ ಕಡೆ ನೋಡಿದರು. ಕೂಸು ನಿದ್ದೆಯಲ್ಲಿತ್ತು. ತುಟಿ ಕೂಡ ಅಲುಗಲಿಲ್ಲ.

"ಇದು ಕಬ್ಬಿನ ಲಾರಿ ಹಾರ್ನಿಗೂ ಏಳಂಗಿಲ್ರಿ ಮಾವಾ," ಎಂದ ಅಳಿಯ, ಹೇಳಬಾರದಿತ್ತೇನೋ ಎಂಬಂತೆ.

ಇಷ್ಟು ದಿನದ ಮುಖ್ಯ ಆಕ್ಷೇಪಣೆಯೇ ಬಿದ್ದುಹೋದಂತಾಯಿತು. ಆದರೆ ಯಾರೂ ನಗಲಿಲ್ಲ. ದಫೇದಾರರು ಕೂತಲ್ಲೇ ಕತ್ತು ತುಸು ಓರೆ ಮಾಡಿ, ಗಂಟಲೊಳಗೆ "ಕೊರ್ರ್" ಎಂದರು. ಮತ್ತೆ ಒಮ್ಮೆ. ಬಿಳಿಯದು ಬಂತು. ಬಾಲವಿಲ್ಲದ ಕಂದು ಬಂತು. ಚುಕ್ಕೆಯವು ಬಂದವು. ಇಷ್ಟೊಂದು ಜನ ನಿಂತಿದ್ದರೂ, ಅವರ ಕಾಲುಗಳ ನಡುವೆಯೇ ದಾರಿ ಮಾಡಿಕೊಂಡು, ಕೊನೆಗೆ ಕರಿ ಕೋಳಿಯೂ ಬಂದು, ಬಿಟ್ಟುಹೋಗಿದ್ದ ತೊಡೆಯನ್ನು ಏರಿ ಕೂತಿತು. ಗೋಡೆಯ ಮೇಲಿಂದ ಹುಂಜವೂ ಮರಳಿತು. ನಾನು ಸ್ಟೂಲಿನ ಮೇಲೆ ಕುಣಿಯದೇ ಇದ್ದದ್ದು ಸ್ಟೂಲು ಹಳೆಯದೆಂಬ ಕಾರಣಕ್ಕೆ ಮಾತ್ರ.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. ಮಗಳು ಕೂಸನ್ನು ಗಂಡನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಹಿತ್ತಲು ದಾಟಿ ಬಂದು ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು.

"ಅಪ್ಪಾ," ಎಂದಳು, "ನನ್ನೂ ಒಮ್ಮೆ ಹಂಗ ಕರೀರಿ."

ದಫೇದಾರರು ಟೋಪಿ ಮುಟ್ಟಲಿಲ್ಲ, ಗದ್ದ ಎತ್ತಲಿಲ್ಲ. ತುಟಿ ಅಲುಗಿದ್ದು ಕಂಡಿತು. ಏನೆಂದರೋ ಗೋಡೆಯ ಈಚೆಗೆ ನನಗೆ ಕೇಳಿಸಲಿಲ್ಲ. ಮಗಳಿಗೆ ಕೇಳಿಸಿತು, ಅವಳು ಇನ್ನೊಂದಿಷ್ಟು ಹತ್ತಿರ ಸರಿದಳು.

ಅಳಿಯ ಸಂಜೆ ಒಬ್ಬನೇ ಜೀಪಿನಲ್ಲಿ ಕರಜಗಿಗೆ ಹಿಂತಿರುಗಿದ. ತೊಟ್ಟಿಲನ್ನು ಆಳಂದದ ಮನೆಯ ಪಡಸಾಲೆಯಲ್ಲೇ ಕಟ್ಟಿದರು. ಬಾಣಂತನ ಅಲ್ಲಿಯೇ ಮುಗಿಯಿತು.